ಸುರಪುರಕ್ಕೆ ಅಳತೆಕೋಲು ಹೊತ್ತು ಹೋದದ್ದು

ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಗ್ಗೆ ಯಾದಗಿರಿ ನಿಲ್ದಾಣದಲ್ಲಿ ಇಳಿದಾಗ ನನ್ನ ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಆರೂವರೆ ಅಡಿಯ ಸಾಗವಾನಿ ಕೋಲು. ಬೆಂಗಳೂರಿನಿಂದ ಅದನ್ನು ಬರ್ತಿನಲ್ಲಿ ಪಕ್ಕಕ್ಕೆ ಮಲಗಿಸಿಕೊಂಡೇ ಬಂದಿದ್ದೆ. ಎದುರಿನವರು "ಮೀನು ಹಿಡಿಯೋಕಾ?" ಎಂದಿದ್ದರು. ಅಲ್ಲ ಸ್ವಾಮಿ, ಮನುಷ್ಯರ ಎತ್ತರ ಅಳೆಯೋಕೆ. ನಾನು ಮೈಸೂರಿನ ನಿವೃತ್ತ ವ್ಯಾಯಾಮ ಮೇಷ್ಟ್ರು, ದೇಹದಾರ್ಢ್ಯ ಸ್ಪರ್ಧೆಗಳ ತೀರ್ಪುಗಾರ. ಕಂಡವರ ಟೇಪನ್ನು ನಂಬುವ ಜಾಯಮಾನ ನನ್ನದಲ್ಲ. ಕೋಲು ನಾನೇ ಮುಂದೆ ನಿಂತು ಮಾಡಿಸಿದ್ದು. ಹಿತ್ತಾಳೆಯ ಪಟ್ಟಿ, ಜಾರುವ ಅಡ್ಡಪಟ್ಟಿ, ಬುಡಕ್ಕೆ ಕಬ್ಬಿಣದ ಬಳೆ. ಊರೂರಿಗೆ ಹೊತ್ತಿದ್ದೇನೆ. ಒಂದು ನೂಲು ತಪ್ಪಿಲ್ಲ ಎಂದು ಜಂಬ ಕೊಚ್ಚಿಕೊಂಡೂ ಇದ್ದೇನೆ.

ಮರುದಿನ ಸುರಪುರದಲ್ಲಿ ಸ್ಪರ್ಧೆ; ಮೊದಲು ಶಹಾಪುರದ ಬಸ್ಸು ಹತ್ತಿದೆ. ಮೂವತ್ತು ಚಿಲ್ಲರೆ ಕಿಲೋಮೀಟರು ದಾರಿ. ಭೀಮೆಯ ಸೇತುವೆ ದಾಟುವಷ್ಟರಲ್ಲಿ ಕಂಡಕ್ಟರು ನನ್ನ ಮೇಲೆ ಹರಿಹಾಯ್ದ.

"ಯಜಮಾನ್ರ, ನಿಮ್ಮ ಕೋಲಿನ ಕಬ್ಬಿಣ ನೆಲಾ ಕೆತ್ತಾಕತ್ತದ. ಅದಕ್ಕ ಅರ್ಧ ಟಿಕೀಟ್ ತಗೋರಿ, ಇಲ್ಲಾ ಬುಡಕ್ಕ ಏನರ ಹಾಕ್ರಿ."

ಪಕ್ಕದಲ್ಲಿ ಕೂತಿದ್ದ ಮುದುಕಪ್ಪ ನಕ್ಕುಬಿಟ್ಟ. ತನ್ನ ಊರುಗೋಲಿಗೆಂದು ಯಾದಗಿರಿ ಪೇಟೆಯಲ್ಲಿ ಕೊಂಡಿದ್ದ ಎರಡು ರಬ್ಬರ್ ಟೊಪ್ಪಿಗೆಗಳಲ್ಲಿ ಒಂದನ್ನು ತೆಗೆದು ನನ್ನ ಕೋಲಿನ ಬುಡಕ್ಕೆ ಒತ್ತಿ ಕೂರಿಸಿದ. "ನಿಮ್ಮ ಕೋಲಿಗೂ ಮುಪ್ಪು ಬಂದದ, ಇರ್ಲಿ ತಗೋರಿ" ಎಂದ. ದುಡ್ಡು ಕೊಡಹೋದರೆ ಕೈ ಕೊಡವಿದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ಶಹಾಪುರದ ಬಸ್ ನಿಲ್ದಾಣದಲ್ಲಿ ಮಹಿಬೂಬ ಕಾಯುತ್ತಿದ್ದ. ಮೂವತ್ತೊಂಬತ್ತು ವರ್ಷದ ವೆಲ್ಡರ್. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಶಟರುಗಳನ್ನು ಬೆಸೆಯುವುದು ಅವನ ಕಸುಬು. ಹನ್ನೆರಡು ವರ್ಷದ ಹಿಂದೆ ರಾಯಚೂರಿನ ಸ್ಪರ್ಧೆಯಲ್ಲಿ ನಾನೇ ಅವನಿಗೆ, "ತೊಡೆ ಸಾಲದು, ಗಾತ್ರ ಬೆಳೆಸು" ಎಂದಿದ್ದೆ. ಅವನು ಅದನ್ನು ವೇದವಾಕ್ಯ ಮಾಡಿಕೊಂಡ. ತನ್ನ ಶೆಡ್ಡಿನ ಕಬ್ಬಿಣದಿಂದಲೇ ತೂಕಗಳನ್ನು ಮಾಡಿಕೊಂಡು ಬೆಳೆಸಿದ. ಈಗ ಕಂಡರೆ ಕೆನ್ನೆ ಒಳಸೇರಿ, ಅಂಗಿ ಜೋತುಬಿದ್ದಿತ್ತು.

ಅವನ ಹೆಂಡತಿ ರಜಿಯಾ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಮಹಿಬೂಬ ಮೊಟ್ಟೆಯ ಬಿಳಿ ತಿಂದು, ಅರ್ಧ ಲೋಟ ನೀರನ್ನು ಔಷಧಿ ಕುಡಿದಂತೆ ಕುಡಿದು ಎದ್ದ.

"ಎಂಟ ಕಿಲೋ ಮಾಂಸ ಇಳಿಸೀನ್ರಿ ಸರ್. ನೀವ ಬೆಳಸಂದ್ರಿ, ಬೆಳಸ್ದೆ. ಈಗ ನೀವ ಇಳಸಂದ್ರಿ, ಇಳಿಸ್ದೆ" ಎಂದ. ನಗುತ್ತಲೇ ಅಂದ, ನಾನು ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ.

ವಿಷಯ ಇಷ್ಟು. ಗಾತ್ರ ತೋರಿಸುವ ಹಳೆಯ ವಿಭಾಗಕ್ಕೆ ಈಗ ಜನವೇ ಬರುವುದಿಲ್ಲ. ಹುಡುಗರೆಲ್ಲ ಫಿಸಿಕ್ ಎನ್ನುವ ಹೊಸ ವಿಭಾಗಕ್ಕೆ ಓಡುತ್ತಾರೆ. ಅಲ್ಲಿ ಮೊಣಕಾಲುದ್ದದ ಚಡ್ಡಿ ತೊಟ್ಟು ನಿಂತರಾಯಿತು, ತೊಡೆಯನ್ನು ಕೇಳುವವರಿಲ್ಲ. ಇನ್ನೊಂದು ಕ್ಲಾಸಿಕ್, ಅದರಲ್ಲಿ ಎತ್ತರಕ್ಕೆ ಇಂತಿಷ್ಟೇ ತೂಕ, ಅದಕ್ಕಿಂತ ಹೆಚ್ಚಿದ್ದರೆ ಹೊರಗೆ. ಈ ಮಿತಿ ಬೇಕು ಎಂದು ಸಭೆಗಳಲ್ಲಿ ಮೇಜು ಗುದ್ದಿದವನು ನಾನೇ. ನನ್ನ ಜೊತೆಗಾರನೊಬ್ಬ ಗಾತ್ರದ ಹುಚ್ಚಿಗೆ ಸೂಜಿ ಚುಚ್ಚಿಕೊಂಡು ನಲವತ್ತೊಂದಕ್ಕೇ ಸತ್ತಿದ್ದ. ಮಿತಿ ಇದ್ದರೆ ಹುಡುಗರು ಬದುಕುತ್ತಾರೆ ಅಂದುಕೊಂಡೆ.

"ತೊಡಿ ಮುಚ್ಚಿಕೊಂಡು ನಿಂತ್ರ ಅದ್ಯಾವ ಸ್ಪರ್ಧಾರಿ?" ಎಂದ ಮಹಿಬೂಬ. "ಅದಕ್ಕ ಕ್ಲಾಸಿಕ್ಕಿಗಿ ಹೆಸರ ಕೊಟ್ಟೀನಿ. ಗೆದ್ದವರು ರಾಜ್ಯಕ್ಕ ಹೋಗ್ತಾರ. ಇದ ಕಡೀದು ಸರ್. ಒಮ್ಮಿ ರಾಜ್ಯದ ಸ್ಟೇಜ್ ಮ್ಯಾಲ ನಿಂತು, ಆಮ್ಯಾಲ ಬಿಟ್ಟಬಿಡ್ತೀನಿ. ರಜಿಯಾಗ ಮಾತ ಕೊಟ್ಟೀನಿ."

ಶನಿವಾರ ಬೆಳಗ್ಗೆ ಇಬ್ಬರೂ ಸುರಪುರಕ್ಕೆ ಹೊರಟೆವು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ ಹಿಂದಾಯಿತು. ಇಪ್ಪತ್ತೈದರ ಹತ್ತಿರ ಕಿಲೋಮೀಟರು. ದಾರಿಯುದ್ದಕ್ಕೂ ಒಂದು ಕಡೆ ಭತ್ತದ ಹಸಿರು, ಇನ್ನೊಂದು ಕಡೆ ಬಂಡೆಗಳು. ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ಮಹಿಬೂಬ ಆ ನೀರು ನೋಡಲಾರದೆ ಕಿಟಕಿಯ ಪಕ್ಕ ಬಿಟ್ಟು ಈಚೆ ಬಂದು ಕೂತ.

ಸ್ಪರ್ಧೆ ಊರ ಹೊರಗಿನ ಕಲ್ಯಾಣ ಮಂಟಪದಲ್ಲಿ. ಚಡ್ಡಿಯ ವಿಭಾಗಕ್ಕೆ ಇಪ್ಪತ್ತೆರಡು ಜನ, ಕ್ಲಾಸಿಕ್ಕಿಗೆ ಐವರು. ಕೋಲನ್ನು ಗೋಡೆಗೆ ನಿಲ್ಲಿಸಿ ಎತ್ತರ ಬರೆಯಲು ಶುರುಮಾಡಿದೆ. ಹುಡುಗರ ನೂಕುನುಗ್ಗಲು, ಅಂಗಾಲು ಎತ್ತುತ್ತಾರೇನೋ ಎಂದು ಅವರ ಹಿಮ್ಮಡಿ, ಆಮೇಲೆ ಕೋಲಿನ ತಲೆ, ಇವೆರಡರ ಮೇಲೇ ನನ್ನ ಕಣ್ಣು. ಮಹಿಬೂಬನ ಸರದಿ ಬಂತು. ನೂರ ಅರವತ್ತೇಳು ಎಂದು ಬರೆದೆ.

"ನೂರಾ ಅರವತ್ತೆಂಟ್ರಿ ಸರ್" ಎಂದ. "ರಾಯಚೂರಾಗ ನೀವ ಅಳದಿದ್ರಿ."

"ವಯಸ್ಸಾದರೆ ಮನುಷ್ಯ ಕುಗ್ಗುತ್ತಾನಪ್ಪ" ಎಂದೆ. ಸುತ್ತ ಇದ್ದವರು ನಕ್ಕರು. ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು.

ಅರವತ್ತೆಂಟಾಗಿದ್ದರೆ ಎಪ್ಪತ್ತೆರಡು ಕಿಲೋ ಇರಬಹುದು, ಅರವತ್ತೇಳಕ್ಕೆ ಎಪ್ಪತ್ತೊಂದೇ. ಅವನು ತಕ್ಕಡಿ ಹತ್ತಿದ. ಸರಿಯಾಗಿ ಎಪ್ಪತ್ತೆರಡು! ಒಂದು ಗ್ರಾಂ ಆಚೆಈಚೆ ಇಲ್ಲದಂತೆ ಇಳಿಸಿಕೊಂಡು ಬಂದಿದ್ದ. ಸಂಘಟಕರು ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಭಾಗದಾಂವ ಅದಾನ್ರಿ, ಒಂದ ಸೆಂಟಿಮೀಟರ್ ಏನ್ ಮಹಾ? ಕೊಟ್ಟಬಿಡ್ರಿ" ಎಂದರು. ನಾನು ಕೊಡಲಿಲ್ಲ. ಅಳತೆ ಅಂದರೆ ಅಳತೆ ಎಂದು ಗಟ್ಟಿಯಾಗಿಯೇ ಹೇಳಿದೆ. ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೆ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಮತ್ತೆ ತೂಗಿಸಿಕೊಳ್ಳಲು ಎರಡು ಗಂಟೆ ಅವಕಾಶವಿತ್ತು. ಮಹಿಬೂಬ ರಸಗೊಬ್ಬರದ ಚೀಲದ ಪ್ಲಾಸ್ಟಿಕ್ಕನ್ನು ಅಂಗಿಯೊಳಗೆ ಸುತ್ತಿಕೊಂಡು, ಮಂಟಪದ ಹಿಂದಿನ ಕಾಲುವೆಯ ಏರಿಯ ಮೇಲೆ ಓಡತೊಡಗಿದ. ನಾನು ಟವೆಲು ಹಿಡಿದು ನೆರಳಲ್ಲಿ ನಿಂತೆ. ಅರ್ಧ ಮೈಲಿ ಆಚೆ, ಅರ್ಧ ಮೈಲಿ ಈಚೆ. ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು, "ಯಣ್ಣಾ, ಇಂಥಾ ಬಿಸಲಾಗ ಯಾಕ ಸಾಯ್ತೀಪ್ಪಾ? ನೀರಾಗರ ಇಳೀ!" ಎಂದು ಕೂಗಿದಳು. ಅವನು ನೀರಿನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಕೊನೆಗೆ ಅವನ ಮೈಯಿಂದ ಬೆವರು ಬರುವುದೇ ನಿಂತುಹೋಯಿತು. ಅದು ಕೆಟ್ಟ ಸೂಚನೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಾಕು ಅನ್ನಲಿಲ್ಲ. ಹನ್ನೊಂದಕ್ಕೆ ತಕ್ಕಡಿಯಲ್ಲಿ ಎಪ್ಪತ್ತೊಂದು ತೋರಿಸಿತು, ಅವನು ನನ್ನತ್ತ ಹೆಬ್ಬೆರಳು ಎತ್ತಿದ.

ಕ್ಲಾಸಿಕ್ಕಿನವರನ್ನು ಮಧ್ಯಾಹ್ನ ಮೂರಕ್ಕೆ ವೇದಿಕೆಗೆ ಕರೆದೆವು. ಎರಡು ಭಂಗಿ ಮುಗಿದವು. ಮೂರನೆಯದಕ್ಕೆ ಮಹಿಬೂಬ ತೊಡೆ ಬಿಗಿಹಿಡಿದ, ಬಿಗಿದದ್ದು ಸಡಿಲವಾಗಲೇ ಇಲ್ಲ. ಮುಖದಲ್ಲಿ ನಗು ಹಾಗೇ ಇತ್ತು, ಕಾಲು ಮಾತ್ರ ಗಡಗಡ ನಡುಗುತ್ತಿತ್ತು. ಜನ ಸಿಳ್ಳೆ ಹೊಡೆದರು. ಅವನು ನಿಂತಲ್ಲೇ ಕುಸಿದ. ಜೊತೆಯಲ್ಲಿ ಸೆಣಸುತ್ತಿದ್ದ ನಾಲ್ವರೇ ಅವನನ್ನು ಎತ್ತಿಕೊಂಡು ಜೀಪಿಗೆ ಹಾಕಿದರು. ಅಯ್ಯೋ, ಆಮೇಲೆ ನಾನು ಕೂತು ಉಳಿದವರಿಗೆ ಅಂಕ ಹಾಕಿದೆ; ಫಲಿತಾಂಶಕ್ಕೆ ಸಹಿಯನ್ನೂ ಮಾಡಿದೆ.

ಭಾನುವಾರ ಬೆಳಗ್ಗೆ ಯಾದಗಿರಿಯ ಆಸ್ಪತ್ರೆಗೆ ಹೋದೆ. ಮಹಿಬೂಬನ ಕೈಗೆ ಗ್ಲೂಕೋಸು ಹಾಕಿದ್ದರು. ನಿನ್ನೆಯಿಂದ ಮೂತ್ರ ಇಳಿದಿರಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಕಲಬುರಗಿಗೆ ಒಯ್ಯಬೇಕು ಎಂದು ಡಾಕ್ಟರು ಹೇಳಿದ್ದರು. ರಜಿಯಾ ನನ್ನ ಮುಖ ನೋಡದೆ ಮಾತಾಡಿದರು.

"ನಿಮ್ಮ ಕಾಯ್ದೆಕ್ಕಾಗಿ ನೀರ ಬಿಟ್ರು. ಈಗ ಕುಡೀರಿ ಅಂದ್ರ ಹೊಟ್ಟ್ಯಾಗ ನಿಲ್ಲವಲ್ದು."

ಮಹಿಬೂಬ ಅವರನ್ನು ಸುಮ್ಮನಿರಿಸಿದ. ಅವನ ತುಟಿ ಒಡೆದಿತ್ತು. "ಅವರಿಗಿ ಬೈಬ್ಯಾಡ. ಬ್ಯಾರೇದವರಾಗಿದ್ರ ಮುಖಾ ನೋಡಿ ಒಂದ ಸೆಂಟಿಮೀಟರ್ ಕೊಡ್ತಿದ್ರು. ಸರ್ ಕೊಡ್ಲಿಲ್ಲ. ಅದಕ್ಕ ಹನ್ನೆರಡ ವರ್ಷ ಅವರ ಮಾತ ಕೇಳೀನಿ. ನಾನ ಕುಗ್ಗೀನಿ, ಯಾರೇನ್ ಮಾಡ್ಬೇಕು?" ಎಂದ.

ನಾನು ಅವನ ಕೈ ಒತ್ತಿ ನಿಲ್ದಾಣಕ್ಕೆ ಬಂದೆ. ಗಾಡಿಗೆ ಇನ್ನೂ ಅರ್ಧ ಗಂಟೆಯಿತ್ತು. ಕೋಲನ್ನು ಕಂಬಕ್ಕೆ ಒರಗಿಸಿ ಚಹಾ ಕೊಂಡೆ. ಚಹಾದವನು ನುಣುಪು ನೆಲದ ಮೇಲೆ ಜಾರದೆ ನಿಂತ ಕೋಲನ್ನು ನೋಡಿ, "ರಬ್ಬರ್ ಚಲೋ ಕುಂತದ್ರಿ" ಎಂದ.

ಬಗ್ಗಿ ನೋಡಿದೆ. ಮುದುಕಪ್ಪ ಕೂರಿಸಿದ ಟೊಪ್ಪಿಗೆ ಹಾಗೇ ಇತ್ತು. ಬಸ್ಸಿಳಿದ ಮೇಲೆ ನಾನು ಅದನ್ನು ತೆಗೆದಿರಲೇ ಇಲ್ಲ. ಅಳೆಯುವಾಗ ಕೋಲು ಆ ರಬ್ಬರಿನ ದಪ್ಪದಷ್ಟು ಮೇಲೆದ್ದು ನಿಂತಿತ್ತು, ಅದರ ಮುಂದೆ ನಿಂತವರೆಲ್ಲ ಅಷ್ಟು ಗಿಡ್ಡವಾಗಿದ್ದರು. ಉಳಿದವರ ತೂಕ ಮಿತಿಗಿಂತ ಬಹಳ ಕೆಳಗಿದ್ದುದರಿಂದ ಅವರಿಗೆ ಏನೂ ಆಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದು ತೆಗೆದು, ಅದರ ತಳದ ದಪ್ಪವನ್ನು ಜೇಬಿನ ಸ್ಕೇಲಿನಲ್ಲಿ ಅಳೆದೆ. ಒಂದು ಸೆಂಟಿಮೀಟರಿಗೆ ಒಂದು ನೂಲು ಹೆಚ್ಚೇ ಇತ್ತು.

ಫೋನು ಮಾಡಿದೆ. ರಜಿಯಾ ಎತ್ತಿಕೊಂಡರು. "ಕಲಬುರಗಿ ಗಾಡಿ ಬಂದದ್ರಿ, ಅವರಿಗಿ ಎತ್ತಾಕತ್ತಾರ. ಏನ್ರಿ, ಏನರ ಹೇಳೋದಿತ್ತೇನ್ರಿ?"

"ಏನಿಲ್ಲಮ್ಮ. ಹುಷಾರು" ಎಂದೆ.

ಗಾಡಿ ಬಂತು, ಹತ್ತಿದೆ. ಕೃಷ್ಣೆಯ ಸೇತುವೆಯ ಮೇಲೆ ಜನ ಕಿಟಕಿಯಿಂದ ಕೈ ಮುಗಿದು ನಾಣ್ಯ ಎಸೆದರು. ನಾನು ಆ ರಬ್ಬರನ್ನು ಎಸೆಯಲೆಂದು ಬಾಗಿಲಿಗೆ ಹೋದವನು ಎಸೆಯಲಾರದೆ ಹಿಂದಕ್ಕೆ ಬಂದೆ. ಈಗ ಅದು ಈ ಕಾಗದದ ಪಕ್ಕದಲ್ಲೇ ಇದೆ. ಆ ಮೇಲೆ ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟಿದ್ದೇನೆ. ಬಾಯಲ್ಲಿ ಹೇಳುವ ಎದೆ ನನಗಿಲ್ಲ, ಅದಕ್ಕೇ ಬರೆದಿದ್ದೇನೆ. ಮಹಿಬೂಬ, ನೀನು ಕುಗ್ಗಿರಲಿಲ್ಲ.