ಒಂದಿಂಚಿನ ಸೇಡು

ನಮ್ಮ ಬೀದಿಯಲ್ಲಿ ಗಾಳದ ಟೈಲರ್ ಎಂದರೆ ಗೊತ್ತಿಲ್ಲದವರಿಲ್ಲ. ಅವನ ಅಂಗಡಿಯೂ ನನ್ನ ಬೀಗ ರಿಪೇರಿ ಅಂಗಡಿಯೂ ಎದುರುಬದುರು. ಒಂದು ಹೊಲಿಗೆ ಯಂತ್ರ ಅವನದು, ಇನ್ನೊಂದು ಹೆಂಡತಿಯದು, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಹಿಂದಿನ ಗೋಡೆಗೆ ಮೂರು ಗಾಳದ ಕೋಲು. ಗಿರಾಕಿಗಳ ಬಟ್ಟೆಗೆ ದೂಳು ಕೂತರೂ ಆ ಕೋಲುಗಳಿಗೆ ಕೂರಲು ಬಿಡುತ್ತಿರಲಿಲ್ಲ. ರಜೆ ಬಂತೆಂದರೆ ಸೀದಾ ಹೊಳೆಗೆ. ಅಲ್ಲಿಗೆ ಹೋಗುವಾಗಲೂ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಲೇ ಇರುತ್ತಿತ್ತು. ಅವನಿಗೆ ಕೆಲಸ ಕಲಿಸಿದ ಸೋದರಮಾವ ಕೊಟ್ಟಿದ್ದ ಬಟ್ಟೆಯ ಟೇಪು ಅದು. ಅಂಕಿಗಳು ಅರೆಬರೆ ಮಾಸಿದ್ದವು, ಆದರೆ ಎಲ್ಲಿ ಯಾವುದಿದೆ ಎಂದು ಅವನ ಬೆರಳಿಗೆ ಗೊತ್ತಿತ್ತು.

ಮನುಷ್ಯ ಜಗಳಗಂಟನಲ್ಲ. ದನಿ ಎತ್ತಿ ಮಾತಾಡಿದ್ದನ್ನೇ ನಾನು ಕೇಳಿಲ್ಲ. ಆದರೆ ಹಗೆ ಸಾಧಿಸುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಹುಟ್ಟಿಲ್ಲ. ಅವನ ಸೇಡೆಲ್ಲ ಸೂಜಿಯಲ್ಲೇ. ಗಾಳ ಹಾಕುವವರೆಲ್ಲ ಸೋಮಾರಿಗಳು ಎಂದು ಊಟಕ್ಕೆ ಕೂತಾಗ ನಕ್ಕ ಭಾವಮೈದುನನಿಗೆ ಪ್ಯಾಂಟು ಹೊಲಿದುಕೊಟ್ಟ. ಅದರ ಜೇಬು ಮೊಣಕಾಲು ಮುಟ್ಟುತ್ತಿತ್ತು. ಬಸ್ಸಿನಲ್ಲಿ ಚಿಲ್ಲರೆ ತೆಗೆಯಲು ಆ ಪುಣ್ಯಾತ್ಮ ಮೈಯೆಲ್ಲ ಬಗ್ಗಿಸಬೇಕಾಗುತ್ತಿತ್ತು.

ಮೂಲೆಯ ಬಟ್ಟೆ ಅಂಗಡಿಯವರ ಮೇಲಿನ ಹಗೆ ಇನ್ನೂ ಹಳೆಯದು. ಅವರು ಎಷ್ಟೇ ಅಳೆದು ಕೊಟ್ಟರೂ ಇವನ ಟೇಪಿಗೆ ಬಟ್ಟೆ ಕಮ್ಮಿಯೇ ಬರುತ್ತಿತ್ತು. "ಹಾಡಹಗಲೇ ಕಳ್ಳತನ ಕಣೋ" ಎಂದು ನನ್ನೊಡನೆ ಹಲ್ಲು ಕಡಿಯುತ್ತಿದ್ದ. ಅವರ ಅಂಗಿಗಳಿಗೆಲ್ಲ ಇವನು ಕೂರಿಸಿದ್ದು ಕುತ್ತಿಗೆ ಚುಚ್ಚುವ ಕಾಲರು. ಗಲ್ಲಾ ಮುಂದೆ ಕೂತು ದಿನವಿಡೀ ಕುತ್ತಿಗೆ ಕೆರೆದುಕೊಳ್ಳುವ ಅವರನ್ನು ನೋಡಿ ಇವನು ತಣ್ಣಗೆ ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಇಂಥವನ ಕಣ್ಣಿಗೆ ಬಿದ್ದವನು ಮೀನುಗಾರಿಕೆ ಇಲಾಖೆಯ ಗಾರ್ಡ್.

ನಮ್ಮ ಹೊಳೆಗೆ ಮೊದಲು ಯಾವ ಕಟ್ಟಳೆಯೂ ಇರಲಿಲ್ಲ. ಗಾಳ, ಎರೆಹುಳು, ತಾಳ್ಮೆ ಇದ್ದರೆ ಸಾಕಿತ್ತು. ಆಮೇಲೆ ಬಂದವು ನೋಡಿ, ಒಂದರ ಹಿಂದೆ ಒಂದು. ಗಾಳ ಹಾಕಲು ಲೈಸೆನ್ಸು. ಮೀನು ಮೊಟ್ಟೆ ಇಡುವ ತಿಂಗಳುಗಳಲ್ಲಿ ಹೊಳೆಯೇ ಬಂದ್. ಉಳಿದ ದಿನ ತಲೆಗೆ ಎರಡೇ ಮೀನು. ಅದರಲ್ಲೂ ಮೂವತ್ತು ಇಂಚು ದಾಟಿದ್ದು ತಾಯಿ ಮೀನು, ಹಿಡಿದರೂ ನೀರಿಗೆ ಬಿಡಬೇಕು. ಸೇತುವೆಯ ಆಚೆ ರಾತ್ರೋರಾತ್ರಿ ಬಲೆ ಎಳೆದು ಲಾರಿ ತುಂಬಿಸುವವರನ್ನು ಕೇಳುವವರಿಲ್ಲ. ಎರಡು ಮೀನಿಗೆ ಇಡೀ ದಿನ ಬಿಸಿಲು ಕಾಯುವ ನಮ್ಮ ಬುಟ್ಟಿಯನ್ನು ಮಾತ್ರ ತಡಕಾಡುತ್ತಾರೆ. ಹೊಟ್ಟೆ ಉರಿಯದೆ ಇರುತ್ತದೆಯೇ?

"ಮೀನಿಗೆ ಹೆರಿಗೆ ರಜ ಅಂತೆ, ಬಾಣಂತನ ನಾವು ಮಾಡಬೇಕಂತೆ" ಎಂದು ಟೈಲರ್ ಗೊಣಗುತ್ತಿದ್ದ. ಹೊಳೆ ಮುಚ್ಚಿದ ತಿಂಗಳುಗಳಲ್ಲಿ ಅವನ ಅಂಗಡಿಗೆ ಹೋಗಲು ಗಿರಾಕಿಗಳೂ ಹೆದರುತ್ತಿದ್ದರು. ಹೊಲಿಗೆ ಯಂತ್ರವನ್ನು ಯಾರ ಮೇಲೋ ಹತ್ತಿಸುವವನ ಹಾಗೆ ತುಳಿಯುತ್ತಿದ್ದ. ಅವನ ಹೆಂಡತಿ ನನ್ನ ಅಂಗಡಿಯ ಕಡೆ ನೋಡಿ, "ಅಣ್ಣಾ, ಆ ಮೀನುಗಳಿಗೆ ಬೇಗ ಹೆರಿಗೆ ಆಗಲಿ ಅಂತ ಹೇಳ್ರೀ" ಎಂದು ಕೂಗುತ್ತಿದ್ದಳು.

ಆ ವರ್ಷ ಹೊಳೆ ತೆರೆದ ಮೊದಲ ದಿನವೇ ಟೈಲರನ ಗಾಳಕ್ಕೆ ಅವನ ಜೀವಮಾನದ ಮೀನು ಸಿಕ್ಕಿತು. ದಡಕ್ಕೆ ಎಳೆಯುವಷ್ಟರಲ್ಲಿ ಅವನ ಅಂಗಿ ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು. ಕೊರಳ ಟೇಪು ತೆಗೆದು ಅಳೆದ. ಇಪ್ಪತ್ತೊಂಬತ್ತೂವರೆ. ನಾನೂ ಬಗ್ಗಿ ನೋಡಿದೆ, ಇಪ್ಪತ್ತೊಂಬತ್ತೂವರೆಯೇ. ಜಾಲರಿ ಚೀಲಕ್ಕೆ ಹಾಕಿ ದಡದ ನೀರಲ್ಲಿ ಕಟ್ಟಿಟ್ಟು, ಸುತ್ತ ಇದ್ದವರನ್ನೆಲ್ಲ ಕರೆದು ತೋರಿಸಿದ. ಅಷ್ಟು ಜನ ಸೇರಿದ್ದನ್ನು ಕಂಡು ಗಾರ್ಡ್ ಬೈಕ್ ನಿಲ್ಲಿಸಿದ.

ದಪ್ಪ ದೇಹ, ನುಣ್ಣಗೆ ಬಾಚಿದ ತಲೆ, ಕಂಕುಳಲ್ಲಿ ಯಾವಾಗಲೂ ಮೀನು ಅಳೆಯುವ ಹಲಗೆ. ಅದಕ್ಕೆ ಉಕ್ಕಿನ ಸ್ಕೇಲು ಬಡಿದಿತ್ತು. ಮೀನನ್ನು ಎತ್ತಿ ಅದರ ಮೇಲೆ ಮಲಗಿಸಿದ. ಬಾಲ ಮೂವತ್ತು ದಾಟಿ ಇನ್ನೂ ಅರ್ಧ ಇಂಚು ಆಚೆ ಹೋಯಿತು.

"ಇದು ತಾಯಿ ಮೀನು. ಹಿಡಿದ ತಕ್ಷಣ ಬಿಡಬೇಕಿತ್ತು."

"ಸಾಹೇಬ್ರೇ, ನನ್ನ ಟೇಪಲ್ಲಿ ನೋಡಿ" ಎಂದು ಟೈಲರ್ ಇನ್ನೊಮ್ಮೆ ಅಳೆದು ತೋರಿಸಿದ.

ಗಾರ್ಡ್ ಟೇಪನ್ನು ಎರಡು ಬೆರಳಲ್ಲಿ, ಸತ್ತ ಹಾವನ್ನು ಹಿಡಿಯುವ ಹಾಗೆ ಹಿಡಿದು ಎಲ್ಲರಿಗೂ ತೋರಿಸಿದ. "ನಿಮ್ಮ ಟೇಪು ಸುಳ್ಳು ಹೇಳುತ್ತೆ, ಟೈಲರ್ರೇ. ಮೀನಿಗೊಂದು ಟೇಪು, ಗಿರಾಕಿಗೊಂದು ಟೇಪು ಇಟ್ಟಿದೀರೇನು?"

ಜನ ನಕ್ಕರು. ಗಾರ್ಡ್ ಮೀನನ್ನು ನೀರಿಗೆ ಬಿಟ್ಟ. ಅದು ಒಂದು ಗಳಿಗೆ ದಡದಲ್ಲೇ ನಿಂತು, ಆಮೇಲೆ ಬಾಲ ಆಡಿಸಿ ಹೋಗೇಬಿಟ್ಟಿತು. ಲೈಸೆನ್ಸು ವರ್ಷ ಪೂರ್ತಿ ಜಪ್ತಿ.

ಅಂಗಡಿ ಮುಟ್ಟಿದ ಮೇಲೆ ಟೈಲರ್ ಒಂದೇ ಮಾತು ಹೇಳಿದ. "ಮೀನು ಹೋದರೆ ಹೋಗಲಿ. ಲೈಸೆನ್ಸೂ ಹೋಗಲಿ. ನನ್ನ ಅಳತೆ ಸುಳ್ಳು ಅಂದನಲ್ಲ, ಆ ಮಾತನ್ನ ಅದೇ ಹೊಳೆ ದಡದಲ್ಲಿ, ಅದೇ ಜನರ ಎದುರಿಗೆ ಅವನೇ ನುಂಗಬೇಕು. ನುಂಗಿಸದೆ ಬಿಡಲ್ಲ."

ಅದಾದ ಮೇಲೆ ಬೀದಿಯ ಬಾಯಿಗೆ ಹಬ್ಬವಾಯಿತು. ಅಂಗಿ ತೆಗೆದುಕೊಳ್ಳಲು ಬಂದವರು, "ಇದು ಯಾವ ಟೇಪಿಂದು, ಮೀನಿಂದೋ ನಮ್ಮದೋ?" ಎಂದು ಚುಡಾಯಿಸುತ್ತಿದ್ದರು. ಹಾಗೆ ಕೇಳಿದವರ ಗುಂಡಿಗಳೆಲ್ಲ ಮೊದಲ ಒಗೆತಕ್ಕೇ ಉದುರಿದವು. ಆದರೂ ಅವನಿಗೆ ಸಮಾಧಾನವಿಲ್ಲ. ಇಡೀ ಹೊಳೆಗೆ ಗಾಳ ಹಾಕಿ ಒಬ್ಬನೇ ಒಬ್ಬನಿಗಾಗಿ ಕಾಯುತ್ತಿದ್ದ.

ಆ ಒಬ್ಬ ತಾನಾಗಿಯೇ ಬಂದು ಸಿಕ್ಕಿಕೊಂಡ. ಇಲಾಖೆಯ ದೊಡ್ಡ ಸಾಹೇಬರು ಹೊಳೆಗೆ ಮೀನಿನ ಮರಿ ಬಿಡುವ ಕಾರ್ಯಕ್ರಮಕ್ಕೆ ಬರುವವರಿದ್ದರು. ಗಾರ್ಡಿಗೆ ಹೊಸ ಯೂನಿಫಾರಂ ಬೇಕಿತ್ತು, ಅದನ್ನು ಹೊಲಿಯುವವನು ಸುತ್ತಮುತ್ತ ಇವನೊಬ್ಬನೇ. ಗಾರ್ಡಿನ ಹೆಂಡತಿ ಖಾಕಿ ಬಟ್ಟೆ ತಂದು ಮೇಜಿನ ಮೇಲಿಟ್ಟರು.

"ಅವರು ಅಳತೆಗೆ ಬರಲ್ವಾ?" ಎಂದು ಟೈಲರನ ಹೆಂಡತಿ ಕೇಳಿದಳು.

ಆಕೆ ಸಂಕೋಚದಿಂದ ಸೆರಗು ಸರಿಮಾಡಿಕೊಂಡರು. "ಆಫೀಸಿನ ಉಕ್ಕಿನ ಟೇಪಲ್ಲಿ ಅವರೇ ಅಳ್ಕೊಂಡಿದಾರೆ. ಅದರ ಪ್ರಕಾರವೇ ಹೊಲೀಬೇಕಂತೆ. ಸೊಂಟ ಮೂವತ್ತೆಂಟು..." ಎಂದು ಒಂದೊಂದಾಗಿ ಹೇಳಿದರು. ಟೈಲರ್ ತಲೆ ಎತ್ತದೆ ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಗುರುತು ಹಾಕಿಕೊಂಡ. ಅವನ ಕಿವಿ ಕೆಂಪಗಾಗಿದ್ದು ನನಗೆ ಬೀದಿಯ ಈಚೆಯಿಂದಲೇ ಕಂಡಿತು. ಇವನ ಟೇಪು ನಂಬುವುದಿಲ್ಲ, ಬಟ್ಟೆ ಮಾತ್ರ ಇವನೇ ಹೊಲಿಯಬೇಕು! ಅವನ ಜಾಗದಲ್ಲಿ ನಾನಿದ್ದರೂ ಕತ್ತರಿಗೆ ಸಾಣೆ ಹಿಡಿಯುತ್ತಿದ್ದೆ.

ಆಕೆ ಹೋದ ಮೇಲೆ ಬಟ್ಟೆ ಹರವಿದ. ಕೊರಳ ಟೇಪಿನಲ್ಲೇ ಅಳೆದ. ಸೊಂಟ, ಸೀಟು, ತೊಡೆ, ಎಲ್ಲ ಕಡೆಯೂ ಒಂದೊಂದು ಇಂಚು ಕಮ್ಮಿ ಮಾಡಿ ಗೆರೆ ಎಳೆದ.

"ರೀ, ಇದು ಮೂವತ್ತೇಳು" ಎಂದಳು ಹೆಂಡತಿ.

"ಗೊತ್ತು."

"ಅವರು ದಪ್ಪಗಿದ್ದಾರೆ. ನಿಂತರೆ ಹೇಗೋ ಆಗುತ್ತೆ, ಬಗ್ಗಿದರೆ ಹಿಂದೆ ಹರಿದೇ ಹೋಗುತ್ತೆ."

"ಮರಿಮೀನು ಬಿಡೋಕೆ ಬಗ್ಗಲೇಬೇಕಲ್ಲ" ಎಂದು ಟೈಲರ್ ಕತ್ತರಿ ಎತ್ತಿಕೊಂಡ. ಆ ಮೀನು ಹೋದ ಮೇಲೆ ಅವನ ಮುಖದಲ್ಲಿ ನಗು ಕಂಡಿದ್ದು ಅದೇ ಮೊದಲು. ಹೆಂಡತಿ ಬೇಡ ಅನ್ನಲಿಲ್ಲ. ಗುಂಡಿ ಹಾಕಿ, ಇಸ್ತ್ರಿ ಮಾಡಿ, ನೀಟಾಗಿ ಮಡಿಸಿ ಕೊಟ್ಟಳು. ಬೀದಿಯ ಮಾತು ಅವಳ ಕಿವಿಗೂ ಬಿದ್ದಿತ್ತು.

ಕಾರ್ಯಕ್ರಮದ ದಿನ ಗಾಳದವರೆಲ್ಲ ಹೊಳೆ ದಡದಲ್ಲಿದ್ದೆವು. ನಾನೇ ನಾಲ್ಕು ಜನರಿಗೆ ಕಿವಿಯಲ್ಲಿ ಊದಿದ್ದೆ, ಅವರು ಇನ್ನು ನಾಲ್ಕು ಜನರಿಗೆ ಊದಿದ್ದರು. ಬಟ್ಟೆ ಅಂಗಡಿಯವರೂ ಗಲ್ಲಾ ಬಿಟ್ಟು ಬಂದಿದ್ದರು. ಟೈಲರ್ ಇಸ್ತ್ರಿ ಅಂಗಿ ತೊಟ್ಟು, ಕೊರಳಿಗೆ ಟೇಪು ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಿಂತಿದ್ದ. ದೊಡ್ಡ ಸಾಹೇಬರು ಭಾಷಣ ಮುಗಿಸಿದರು. ಗಾರ್ಡ್ ಮರಿಮೀನಿನ ಮೊದಲ ಚೀಲವನ್ನು ಎತ್ತಿಕೊಂಡು ದಡಕ್ಕೆ ಇಳಿದು ಬಗ್ಗಿದ. ನಾವೆಲ್ಲ ಉಸಿರು ಬಿಗಿಹಿಡಿದೆವು.

ಏನೂ ಆಗಲಿಲ್ಲ.

ಎರಡನೇ ಚೀಲಕ್ಕೆ ಇನ್ನೂ ಕೆಳಗೆ ಬಗ್ಗಿದ. ಮೂರನೆಯದಕ್ಕೆ ಕುಕ್ಕರಗಾಲಲ್ಲಿ ಕೂತ. ಖಾಕಿ ಅವನ ಮೈಗೆ ಹಿತವಾಗಿ ಹೊಂದಿಕೊಂಡಿತ್ತು, ಅವನಿಗೆಂದೇ ನೇಯ್ದ ಹಾಗೆ. ಟೈಲರನ ಮುಖ ನೋಡಿದೆ. ರಕ್ತವೇ ಇರಲಿಲ್ಲ. ಅವನ ಬೆರಳುಗಳು ಟೇಪಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದವು.

ಚೀಲಗಳು ಮುಗಿದ ಮೇಲೆ ದೊಡ್ಡ ಸಾಹೇಬರು ಗಾರ್ಡಿನ ಯೂನಿಫಾರಂ ಮೆಚ್ಚಿಕೊಂಡು, ಹೊಲಿದವರು ಯಾರು ಎಂದು ಕೇಳಿದರು. ಗಾರ್ಡ್ ಸೀದಾ ಟೈಲರನ ಹತ್ತಿರ ಬಂದ.

"ಎಲ್ಲರ ಎದುರಿಗೇ ಹೇಳ್ತೀನಿ" ಎಂದು ದನಿ ಎತ್ತಿದ. "ಅವತ್ತು ಇದೇ ಜಾಗದಲ್ಲಿ ಇವರ ಟೇಪು ಸುಳ್ಳು ಅಂದಿದ್ದೆ. ಪರೀಕ್ಷೆ ಮಾಡೋಣ ಅಂತಲೇ ಉಕ್ಕಿನ ಟೇಪಿನ ಅಳತೆ ಕೊಟ್ಟು ಕಳಿಸಿದೆ. ಮನೆಯಲ್ಲಿ ಅದೇ ಟೇಪು ಹಿಡಿದು ನೋಡಿದೆ, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ. ತಪ್ಪು ನಮ್ಮ ಹಲಗೇದೇ ಇರಬೇಕು. ಆಡಿದ ಮಾತು ವಾಪಸ್ ತಗೊಂಡಿದೀನಿ." ಜೇಬಿನಿಂದ ಲೈಸೆನ್ಸು ತೆಗೆದು ಮುಂದೆ ಹಿಡಿದ.

ಕೇಳಿದ್ದೆಲ್ಲ ಸಿಕ್ಕಿತ್ತು. ಅದೇ ದಡ, ಅದೇ ಜನ, ಅದೇ ಬಾಯಿ. ನಾನು ಅವನ ಪಕ್ಕೆ ತಿವಿದೆ. "ಬಾಯಿ ಮುಚ್ಕೊಂಡು ತಗೋ ಕಣೋ."

ಟೈಲರ್ ಕೈ ಚಾಚಲಿಲ್ಲ. "ನಿಮ್ಮ ಹಲಗೆ ಸ್ವಲ್ಪ ಕೊಡಿ, ಸಾಹೇಬ್ರೇ" ಎಂದ.

ಹಲಗೆಯನ್ನು ನೆಲಕ್ಕಿಟ್ಟು, ಕೊರಳ ಟೇಪು ತೆಗೆದು ಉಕ್ಕಿನ ಸ್ಕೇಲಿನ ಪಕ್ಕ ತುದಿಗೆ ತುದಿ ಕೂಡಿಸಿ ಮಲಗಿಸಿದ. ಮೊದಲ ಇಂಚುಗಳು ಜೊತೆಗೇ ನಡೆದವು. ಮುಂದೆ ಮುಂದೆ ಟೇಪು ದಾರಿ ಬಿಟ್ಟಿತು. ಅದರ ಇಪ್ಪತ್ತೊಂಬತ್ತೂವರೆ ಹೋಗಿ ಸ್ಕೇಲಿನ ಮೂವತ್ತೂವರೆಯ ಹತ್ತಿರ ಕೂತಿತ್ತು. ಅಷ್ಟು ವರ್ಷ ಕೊರಳಲ್ಲಿ ಜೋತು, ಎಳೆಸಿಕೊಂಡು, ಹಿಗ್ಗಿಹೋಗಿತ್ತು. ಗಿರಾಕಿಯ ಮೈ ಅಳೆಯುವುದೂ ಅದರಲ್ಲೇ, ಬಟ್ಟೆ ಕತ್ತರಿಸುವುದೂ ಅದರಲ್ಲೇ ಆಗಿದ್ದರಿಂದ ಅಂಗಡಿಯೊಳಗೆ ಯಾರಿಗೂ ಗೊತ್ತಾಗಿರಲಿಲ್ಲ. ಹೊರಗಿನ ಅಳತೆಯ ಜೊತೆ ಅದು ಸೇರಿದ್ದು ಎರಡೇ ಸಲ, ಮೀನಿಗೊಮ್ಮೆ, ಈ ಪ್ಯಾಂಟಿಗೊಮ್ಮೆ.

ಎರಡಲ್ಲ, ಮೂರು. ಬಟ್ಟೆ ಅಂಗಡಿಯವರು ಬಗ್ಗಿ ಟೇಪನ್ನೂ ಸ್ಕೇಲನ್ನೂ ನೋಡಿದರು. ಕುತ್ತಿಗೆ ಕೆರೆದುಕೊಂಡರು.

"ಆ ಮೀನು ಉದ್ದವೇ ಇತ್ತು" ಎಂದ ಟೈಲರ್. ಅವನ ದನಿ ಆಗಲೂ ಏರಲಿಲ್ಲ. "ಮತ್ತೆ ಆ ಪ್ಯಾಂಟು ನಿಮಗೆ ಆಗಬಾರದಿತ್ತು, ಸಾಹೇಬ್ರೇ."

"ಅಂದ್ರೆ?"

"ಒಂದಿಂಚು ಕಮ್ಮಿ ಕತ್ತರಿಸಿದ್ದೆ. ಇವತ್ತು, ಇಲ್ಲಿ, ಇಷ್ಟು ಜನರ ಎದುರಿಗೆ ನೀವು ಬಗ್ಗಿದಾಗ ಹರೀಲಿ ಅಂತ."

ಯಾರೂ ನಗಲಿಲ್ಲ. ಗಾರ್ಡಿನ ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ ಸೀಟಿನ ಹೊಲಿಗೆಯನ್ನು ಮುಟ್ಟಿ ನೋಡಿಕೊಂಡಿತು. ಆಮೇಲೆ ಬಲಗೈಯಲ್ಲಿದ್ದ ಲೈಸೆನ್ಸನ್ನು ಮತ್ತೆ ಜೇಬಿಗೆ ಇಳಿಸಿದ. ಜೇಬೂ ಅವನ ಕೈಗೆ ಸರಿಯಾಗಿತ್ತು.