ಫೋನಿನ ಹಗ್ಗ ಬಿಚ್ಚಿಸುವ ಮಾಳಿಂಗರಾಯ

ಹೋದ ಚಳಿಗಾಲದ ಒಂದು ನಸುಕು. ತಿರ್ಲಾಪುರದ ಹಾದಿಯಲ್ಲಿ ಇನ್ನೂ ಮಂಜು ಸರಿದಿಲ್ಲ. ಎರಡೂ ಬದಿಗೆ ಎರೆಹೊಲ. ಒಡೆದ ಹತ್ತಿಕಾಯಿಗಳು ಬೆಳ್ಳಗೆ ಕಂಡೂ ಕಾಣದಂತಿವೆ. ಎಲ್ಲಿ ಹತ್ತಿ ಮುಗಿದು ಎಲ್ಲಿ ಮಂಜು ಮೊದಲಾಗುತ್ತದೆ ಎಂದು ಹೇಳುವುದು ಕಷ್ಟ. ಆ ಬಿಳುಪಿನೊಳಗಿಂದ ಒಂದು ಹಳೆಯ ಬೈಕು ಮೆಲ್ಲಗೆ ಬರುತ್ತದೆ. ಸವಾರರ ಕೊರಳಲ್ಲಿ ಬಟ್ಟೆಯ ಚೀಲ, ಕಿವಿ ಮುಚ್ಚಿ ಸುತ್ತಿದ ಟವೆಲ್ಲು. ಬುತ್ತಿಗಂಟು ಹೊತ್ತು ಹೊಲಕ್ಕೆ ಹೊರಟ ಮುದುಕಿಯೊಬ್ಬರ ಮುಂದೆ ಗಾಡಿ ನಿಲ್ಲಿಸಿ ಕೇಳುತ್ತಾರೆ.

"ಯವ್ವಾ, ಮೊನ್ನೆ ಸಂತ್ಯಾಗ ಹಳೇ ಫೋನ್ ಮಾರಿದವರ ಮನಿ ಯಾವುದ್ರಿ?"

"ಹೊಲಾ ಮಾರಿದವ್ರ ಮನೀನೂ ಇಷ್ಟು ನಸುಕಿನ್ಯಾಗ ಯಾರೂ ಕೇಳ್ಕೊಂಡು ಬರಂಗಿಲ್ಲೋ ಯಪ್ಪಾ! ಏನು, ಪೊಲೀಸನೇನು ನೀ?"

"ಅಲ್ರಿ ಯವ್ವಾ, ಫೋನ್ ರಿಪೇರಿಯವ."

"ಹಂಗಾರ ಹೋಗು. ಗುಡಿ ಬಾಜು, ಬೇವಿನ ಗಿಡದ ಮನಿ. ನಾಯಿ ಐತಿ, ಹುಷಾರು."

ಹೋದ ಮನೆಯಲ್ಲೆಲ್ಲ ನಾಯಿ ಇರುವ ಸಂಗತಿಯನ್ನು ಮಾಳಿಂಗರಾಯ ಬಲ್ಲರು. ಎಡಗಾಲಿನ ಮೀನಖಂಡದ ಮೇಲೆ ಅದರ ಜಾತಿಯವೇ ಬಿಟ್ಟುಹೋದ ಗುರುತುಗಳಿವೆ. ನವಲಗುಂದ ಬಸ್ ನಿಲ್ದಾಣದ ಹಿಂದೆ, ಒಬ್ಬರು ಕುಳಿತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ಚಿಕ್ಕದಾದ ಅಂಗಡಿ ಅವರದು. ಒಡೆದ ಗಾಜು ಹಾಕುವುದು, ನೀರಿಗೆ ಬಿದ್ದ ಫೋನನ್ನು ಒಣಗಿಸುವುದು ದಿನದ ಕೆಲಸ. ಆದರೆ ಅವರ ಮುಂಜಾವುಗಳೆಲ್ಲ ಬೇರೊಂದು ಕೆಲಸಕ್ಕೆ ಮೀಸಲು.

ಹಳೆಯ ಫೋನು ಕೊಂಡ ಬಡವರಿಗೆ ಒಂದು ಸಂಕಟ ಆಗಾಗ ಎದುರಾಗುತ್ತದೆ. ಮಾರಿದವರು ಒಳಗಿನದನ್ನೆಲ್ಲ ಅಳಿಸಿರುತ್ತಾರೆ, ತಮ್ಮ ಅಕೌಂಟ್ ಮಾತ್ರ ತೆಗೆದಿರುವುದಿಲ್ಲ. ಫೋನು ಹೊತ್ತಿಕೊಳ್ಳುತ್ತದೆ, ಹಳೆಯ ಯಜಮಾನನ ಅಕೌಂಟನ್ನೂ ಪಾಸ್‌ವರ್ಡನ್ನೂ ಕೇಳುತ್ತದೆ, ಅಲ್ಲಿಯೇ ನಿಂತುಬಿಡುತ್ತದೆ. ಕೊಂಡವರ ಕೈಯಲ್ಲಿ ಅದು ಬೆಳಕು ಬೀರುವ ಕಲ್ಲಿನ ಬಿಲ್ಲೆ.

ಇಂಥ ಕೀಲಿಯನ್ನು ಕಂಪ್ಯೂಟರಿಗೆ ಜೋಡಿಸಿ ಒಡೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಮಾಳಿಂಗರಾಯರಿಗೂ ಬರುತ್ತದೆ. ಆದರೆ ಅವರು ಒಡೆಯುವುದಿಲ್ಲ. ಫೋನು ಯಾರಿಂದ ಯಾರ ಕೈಗೆ ಬಂತೆಂದು ಜಾಡು ಹಿಡಿದು ಹಿಂದಕ್ಕೆ ಹೋಗುತ್ತಾರೆ. ಮೊದಲ ಯಜಮಾನರ ಬಾಗಿಲಲ್ಲಿ ನಿಂತು, "ನಿಮ್ಮ ಕೈಲೆ ಬಿಚ್ಚಿಕೊಡ್ರಿ" ಎನ್ನುತ್ತಾರೆ. ಬಿಸಿಲೇರಿದರೆ ಎಲ್ಲರೂ ಹೊಲದಲ್ಲಿರುತ್ತಾರೆ, ಅದಕ್ಕೇ ಈ ನಸುಕಿನ ತಿರುಗಾಟ.

ಬಿಚ್ಚುವುದೆಂಬ ಮಾತು ಅವರ ತಂದೆಯಿಂದ ಬಂದದ್ದು. ತಂದೆ ಎತ್ತಿನ ದಲ್ಲಾಳಿ. ಅವರ ರಿವಾಜಿನಲ್ಲಿ, ಎತ್ತು ಮಾರಿದವನು ತನ್ನ ಹಗ್ಗವನ್ನು ತಾನೇ ಬಿಚ್ಚಬೇಕಿತ್ತು. ಕೊಂಡವನು ತಾನು ತಂದ ಹೊಸ ಹಗ್ಗ ಕಟ್ಟಬೇಕಿತ್ತು. ಮಾರಿದ ಮನೆಯ ಹೆಣ್ಣುಮಗಳು ಎತ್ತಿನ ಹಣೆಗೆ ಕುಂಕುಮ ಹಚ್ಚಿ, ಕೊಂಡವನ ಮುಖವನ್ನೊಮ್ಮೆ ನೋಡುತ್ತಿದ್ದಳು. ಹಳೆಯ ಹಗ್ಗ ಆ ಮನೆಯ ಗೂಟದಲ್ಲೇ ಉಳಿಯುತ್ತಿತ್ತು.

"ಹಗ್ಗ ಕೊಯ್ದು ಹೊಡ್ಕೊಂಡು ಬಂದ್ರ ಎತ್ತು ಬರ್ತೈತ್ರಿ, ಬರೂದಿಲ್ಲಂತಲ್ಲ. ಆದ್ರ ತಿರುಗಿ ತಿರುಗಿ ಹಿಂದ ನೋಡ್ಕೋತ ಬರ್ತೈತಿ" ಎನ್ನುತ್ತಾರೆ ಮಾಳಿಂಗರಾಯ. "ಫೋನಿಗೇನು ಜೀವ ಐತೇನಂತ ಮಂದಿ ನಗ್ತಾರ. ಫೋನಿಗಿಲ್ಲ, ಮಾರಿದವರಿಗೆ ಐತಲ್ರಿ."

ಮಂದಿ ನಗುವುದು ಸುಳ್ಳಲ್ಲ. ಪಕ್ಕದ ಚಹಾದಂಗಡಿಯ ಮೈಲಾರಪ್ಪ ದಿನಾ ಕಾಡುತ್ತಾರೆ: "ಲೇ ಮಾಳ್ಯಾ, ಈ ವಯಸ್ಸಿನ್ಯಾಗ ಮನಿಮನಿ ತಿರುಗ್ತೀಯಲ್ಲ, ಇನ್ನೊಂದು ಹೆಣ್ಣು ನೋಡಾಕ ಹತ್ತೀಯೇನೋ?" ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಗಾಡಿ ಹೆಜ್ಜೆ ಕೀಳುವುದಿಲ್ಲ. ಹೋದ ಮನೆಯಲ್ಲಿ ಪಾಸ್‌ವರ್ಡ್ ನೆನಪಿರುವವರು ಕಡಿಮೆ. ಒಬ್ಬರು ತಮ್ಮ ಎಮ್ಮೆಯ ಹೆಸರಿಟ್ಟಿದ್ದರು, ಆದರೆ ಯಾವ ಎಮ್ಮೆಯದೆಂದು ಗಂಡಹೆಂಡಿರಲ್ಲಿ ಜಗಳವಾಯಿತು. ಇನ್ನೊಮ್ಮೆ ಜಾಡು ಹಿಡಿದು ಹೋದಾಗ, ಅದು ಮಾರಿದ ಫೋನಲ್ಲ, ಬಸ್ಸಿನಲ್ಲಿ ಕಳೆದ ಫೋನೆಂದು ತಿಳಿಯಿತು. ಅದು ತನ್ನ ಮನೆಗೇ ಮರಳಿತು.

ಹೀಗಿರುವಾಗ ಆ ಚಳಿಗಾಲದಲ್ಲಿ ಯಮನೂರಿನ ಗಂಗಾ ಅಂಗಡಿಗೆ ಬಂದರು. ಕೂಲಿ ಮಾಡುವ ಹೆಂಗಸು. ಸಂತೆಯಲ್ಲಿ ಕೊಂಡ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಅವರ ಮಗಳು ಸವಿತಾಗೆ ಹುಟ್ಟಿನಿಂದ ಕಿವಿ ಕೇಳಿಸದು. ಆ ವರ್ಷವಷ್ಟೇ ಹುಬ್ಬಳ್ಳಿಯ ವಸತಿಶಾಲೆಗೆ ಸೇರಿದ್ದಳು. ರಜೆಯ ದಿನವಾದ ಐತವಾರ ಮಧ್ಯಾಹ್ನ ಮಕ್ಕಳು ಮನೆಯವರನ್ನು ಫೋನಿನಲ್ಲಿ ನೋಡಿ ಮಾತಾಡಬಹುದು. ಉಳಿದ ಮಕ್ಕಳು ಪರದೆಯ ಮುಂದೆ ಕೈಯಾಡಿಸುವಾಗ ಸವಿತಾ ಕಿಟಕಿಯ ಬಳಿ ನಿಂತಿರುತ್ತಾಳೆ ಎಂದು ಶಾಲೆಯವರು ಹೇಳಿದ್ದರು. ಅವಳು ಊಟವನ್ನೂ ಬಿಡತೊಡಗಿದ್ದಳು. ಹೀಗೇ ಆದರೆ ಕರೆದುಕೊಂಡು ಹೋಗಿ ಎಂದಿದ್ದರು.

"ಕರ್ಕೊಂಡು ಬಂದ್ರ ಆಕಿ ಸಾಲಿ ಅಲ್ಲಿಗೆ ಮುಗೀತ್ರಿ ಯಣ್ಣಾ" ಎಂದರು ಗಂಗಾ. "ಇಲ್ಲಿ ಆಕಿ ಕೈ ಮಾತು ನನ್ನೊಬ್ಬಾಕಿಗೇ ತಿಳೀತೈತಿ. ನಾ ಹ್ವಾದ ಮ್ಯಾಲೆ ಆಕಿ ಯಾರ ಕೂಡ ಮಾತಾಡ್ಬೇಕು?"

ಫೋನಿನ ಜಾಡು ಆ ನಸುಕಿನಲ್ಲಿ ಮುದುಕಿ ತೋರಿಸಿದ ಮನೆ, ತಿರ್ಲಾಪುರದ ಕುರಿಗಾರ ಭರಮಪ್ಪನ ಮನೆ ಮುಟ್ಟಿತು. ಭರಮಪ್ಪ ಇರಲಿಲ್ಲ. ಮಳೆಗಾಲದಲ್ಲಿ ಜ್ವರ ಬಂದು ಶಿವನ ಪಾದ ಸೇರಿದ್ದರು. ಅಂಗಳ ಸಾರಿಸುತ್ತಿದ್ದ ಅವರ ಹೆಂಡತಿ ಫಕೀರವ್ವ ಫೋನಿನ ಮಾತು ಕೇಳಿ ಕೈಯ ಸಗಣಿಯನ್ನೂ ತೊಳೆಯದೆ ಎದ್ದು ನಿಂತರು.

"ಸತ್ತವರ ಅರಿವಿ ತೊಳದು ಕೊಡ್ತೀವಲ್ರಿ, ಹಂಗ ಫೋನೂ ತೊಳಿಸಿ ಕೊಡ್ರಿ ಅಂತ ನಾನೇ ಮೈದುನಗ ಹೇಳಿದ್ನಿ" ಎಂದರು. ಸಂತೆಯಲ್ಲಿ ಯಾರೋ ಗುಂಡಿ ಒತ್ತಿ ತೊಳೆದುಕೊಟ್ಟಿದ್ದರು. ಚಿತ್ರ, ಹಾಡು, ದನಿ ಎಲ್ಲ ಹೋಗಿತ್ತು. ಯಜಮಾನನ ಗುರುತು ಮಾತ್ರ ಹೋಗಿರಲಿಲ್ಲ.

"ಅದು ಇನ್ನೂ ಅವರನ್ನ ಕೇಳ್ತೈತೇನು ತಮ್ಮಾ?"

"ಹೌದ್ರಿ ಯವ್ವಾ. ಚಾಲೂ ಮಾಡಿದಾಗೊಮ್ಮೆ ಅವರ ಅಕೌಂಟ್ ಕೇಳ್ತೈತಿ."

ಫಕೀರವ್ವ ಬೇವಿನ ಗಿಡದ ಕಡೆ ನೋಡಿದರು. ಮಂಜು ಅದರ ಎಲೆಗಳಿಂದ ಹನಿಯಾಗಿ ಇಳಿಯುತ್ತಿತ್ತು.

"ಹಂಗಾರ ಕೇಳ್ಲಿ ಬಿಡ್ರಿ. ಕರ್ಮ ಮುಗೀತು, ಬಂದ ಮಂದಿ ಹ್ವಾದ್ರು. ಈಗ ಊರಾಗ ಅವರನ್ನ ಯಾರು ಕೇಳ್ತಾರ? ಅದೊಂದರ ಕೇಳ್ತೈತಲ್ಲ. ನಾ ಬಿಚ್ಚಂಗಿಲ್ಲ."

ಮಾಳಿಂಗರಾಯ ಫೋನನ್ನು ಚೀಲಕ್ಕೆ ಹಾಕಿಕೊಂಡರು. ಕೈಮುಗಿದು ಹಿಂದಿರುಗಿದರು. ಅಂಗಡಿಯ ಮುಂದೆ ಗಂಗಾ ಕಾಯುತ್ತ ಕುಳಿತಿದ್ದರು. "ಒಡದಬಿಡ್ರಿ ಯಣ್ಣಾ, ಐತವಾರ ಬಂತು" ಎಂದರು. ಮಾಳಿಂಗರಾಯ ಕಂಪ್ಯೂಟರಿನ ತಂತಿಯನ್ನು ಕೈಗೆ ತೆಗೆದುಕೊಂಡೇಬಿಟ್ಟರು. ಒಂದು ಕಡೆ ಕಿಟಕಿಯ ಬಳಿ ನಿಂತ ಹುಡುಗಿ, ಇನ್ನೊಂದು ಕಡೆ ಸಗಣಿಗೈಯ ಆ ತಾಯಿ. ಆಗ ನೆನಪಾಯಿತು ಅಪ್ಪ ಹೇಳುತ್ತಿದ್ದ ಮಾತು: ಕೊಂಡವನು ಬರದೆ ಹಗ್ಗ ಬಿಚ್ಚುವ ಪದ್ಧತಿಯಿಲ್ಲ. ತಂತಿಯನ್ನು ಕೆಳಗಿಟ್ಟು, ನೀವೇ ತಿರ್ಲಾಪುರಕ್ಕೆ ಬರಬೇಕೆಂದು ಗಂಗಾಗೆ ಹೇಳಿದರು.

"ತಪ್ಪು ನಂದ್ರಿ" ಎನ್ನುತ್ತಾರೆ ಈಗ. "ಕೊಂಡವರ ಮಾರಿ ತೋರಿಸದ ಬಿಚ್ಚಂತ ಕೇಳಿದ್ನಿ. ಯಾರು ಬಿಚ್ಚತಾರ?"

ಮರುದಿನ ಮೊದಲ ಬಸ್ಸಿಗೆ ಗಂಗಾ ತಿರ್ಲಾಪುರಕ್ಕೆ ಬಂದರು. ಮಾಳಿಂಗರಾಯ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿಕೊಂಡಿದ್ದರು. ಗಂಗಾ ಬಾಗಿಲಲ್ಲಿ ನಿಂತರೇ ಹೊರತು ಏನನ್ನೂ ಬೇಡಲಿಲ್ಲ. ಎಲ್ಲಿಯವಳೆಂದು ಫಕೀರವ್ವನೇ ಕೇಳಿದರು.

"ಯಮನೂರ್ರಿ ಅತ್ತಿ."

"ಯಮನೂರೇನು? ನಮ್ಮವ್ವ ಅಲ್ಲಿ ದರ್ಗಾಕ್ಕ ಹರಕಿ ಹೊತ್ತು ನನಗ ಫಕೀರವ್ವ ಅಂತ ಹೆಸರಿಟ್ಟಾಳವಾ. ಬಾ, ಒಳಗ ಬಾ." ಚಹಾಕ್ಕಿಟ್ಟು, ಗಂಗಾನ ಮಗಳ ಸುದ್ದಿಯನ್ನೆಲ್ಲ ತಿಳಿದುಕೊಂಡು ಮೆಲ್ಲಗೆ ಕೇಳಿದರು: "ಮಗಳು ಮಾತಾಡಂಗಿಲ್ಲಂದ್ರ, ನಿನಗ ಅವ್ವಾ ಅಂತ ಹೆಂಗ ಅಂತಾಳ?"

ಗಂಗಾ ಬೆರಳಿನಿಂದ ಮೂಗುಬೊಟ್ಟನ್ನು ಮುಟ್ಟಿ, ಅಂಗೈಯನ್ನು ಎದೆಗಿಟ್ಟು ತೋರಿಸಿದರು. ಫಕೀರವ್ವ ತಾವೂ ಹಾಗೆಯೇ ಮಾಡಿ ನೋಡಿದರು. ಮೂಗಿನಲ್ಲಿ ಬೊಟ್ಟಿರಲಿಲ್ಲ, ಬೆರಳು ಬರಿದಾದ ತೂತನ್ನು ಮುಟ್ಟಿ ಎದೆಗೆ ಇಳಿಯಿತು.

"ಇದು ಬಟನ್ ಫೋನಿನ್ಯಾಗ ಹೋಗಂಗಿಲ್ಲೇನು?"

"ಇಲ್ರಿ ಅತ್ತಿ. ಅದರಾಗ ದನಿ ಅಷ್ಟ ಹೋಗ್ತೈತಿ. ಆಕಿಗೆ ಕೈ ಕಾಣ್ಬೇಕು."

ಒಲೆಯ ಮೇಲೆ ಚಹಾ ಉಕ್ಕಿತು. ಫಕೀರವ್ವ ಅದನ್ನು ಇಳಿಸಲಿಲ್ಲ. ಸೊಂಟದ ಸಂಚಿಯಿಂದ ಒಂದು ಸಣ್ಣ ಬಟನ್ ಫೋನು ತೆಗೆದರು. ಭರಮಪ್ಪನ ನಂಬರಿನ ಸಿಮ್ಮು ಅದರಲ್ಲೇ ಇತ್ತು. ಯಾರಾದರೂ ಅವರನ್ನು ಕೇಳಿ ಫೋನು ಮಾಡಿಯಾರೆಂದು ಜೋಪಾನ ಮಾಡಿದ್ದರು. ಯಾರೂ ಮಾಡಿರಲಿಲ್ಲ. ಪಾಸ್‌ವರ್ಡ್ ಮರೆತಿದೆಯೆಂದು, ಒಳಗೆ ಬಂದ ಮಾಳಿಂಗರಾಯ ದೊಡ್ಡ ಫೋನಿನಲ್ಲಿ ಆ ನಂಬರು ಕೊಟ್ಟೊಡನೆ, ಅಂಗೈಯ ಸಣ್ಣ ಫೋನು ಟಿಣ್ ಎಂದಿತು. ತಿಂಗಳುಗಳ ಮೇಲೆ ಭರಮಪ್ಪನ ಹೆಸರಿಗೆ ಬಂದ ಮೊದಲ ಸುದ್ದಿ ಅದು, ಕೆಲವು ಅಂಕಿಗಳು. ಮಾಳಿಂಗರಾಯ ಓದಿ ಹೇಳಿದರು, ಫಕೀರವ್ವ ತಮ್ಮ ಬೆರಳಿನಿಂದಲೇ ಒತ್ತಿದರು. ಒಮ್ಮೆ ತಪ್ಪಿತು. "ನೀ ಒತ್ತಬ್ಯಾಡ ತಮ್ಮಾ, ನಾನ ಒತ್ತತೀನಿ" ಎಂದು ಮತ್ತೆ ಒತ್ತಿದರು. ಹೊಸ ಪಾಸ್‌ವರ್ಡ್ ಆಯಿತು. ಆದರೆ ಫೋನಿನ ಭದ್ರತೆಯ ನಿಯಮದಂತೆ ಅದು ನಡೆಯುವುದಕ್ಕೆ ಒಂದು ದಿನ ಬಿಡಬೇಕಿತ್ತು. ಆ ರಾತ್ರಿ ಫೋನು ಫಕೀರವ್ವನ ಜಗುಲಿಯ ಮೇಲೆ, ದೇವರ ಬಳಿಯೇ ಇತ್ತು.

ಮರುದಿನ ಅದೇ ಹೊತ್ತಿಗೆ ಗಂಗಾ, ಮಾಳಿಂಗರಾಯ ಮತ್ತೆ ಬಂದಾಗ ಅದು ತೆರೆಯಿತು. ಅಳಿಸಿಹೋದವೆಂದುಕೊಂಡಿದ್ದ ಚಿತ್ರಗಳು ಅಕೌಂಟಿನಲ್ಲಿ ಉಳಿದುಕೊಂಡಿದ್ದವು, ಒಂದೊಂದಾಗಿ ಮೇಲೆ ಬಂದವು. ಭರಮಪ್ಪನ ಮುಖ ಯಾವುದರಲ್ಲೂ ಇರಲಿಲ್ಲ, ಫಕೀರವ್ವನದೂ ಇರಲಿಲ್ಲ. ಬರೀ ಮೋಡಗಳು. ಕುರಿಯ ಬೆನ್ನಿನಂಥವು, ಹಿಂಜಿದ ಹತ್ತಿಯಂಥವು, ಸಂಜೆಯ ಕೆಂಪಿನಲ್ಲಿ ಒಂಟಿಯಾಗಿ ನಿಂತವು. ಅಡವಿಯಲ್ಲಿ ಕುರಿ ಮೇಯಲು ಬಿಟ್ಟು, ಭರಮಪ್ಪ ಕಂಬಳಿ ಹಾಸಿ ಮಲಗಿ ತೆಗೆದವು.

"ದಿನಾ ಏನು ಮಾಡ್ತೀರಿ ಅಡವ್ಯಾಗ ಅಂತ ಕೇಳಿದ್ರ, ಏನಿಲ್ಲ ಅಂತಿದ್ರು" ಎಂದರು ಫಕೀರವ್ವ. ಆಮೇಲೆ ಕಣ್ಣೊರೆಸಿಕೊಂಡು ಒಂದು ಮೋಡದ ಮೇಲೆ ಬೆರಳಿಟ್ಟರು. "ಇದೊಂದನ್ನ ನಿನ್ನ ಫೋನಿನ್ಯಾಗ ಇಟ್ಕೋತಿ ಏನವಾ?"

ಗಂಗಾ ತಲೆಯಾಡಿಸಿದರು. ಆ ಬಳಿಕ ಫೋನಿನಿಂದ ಭರಮಪ್ಪನ ಅಕೌಂಟನ್ನು ಫಕೀರವ್ವ ತಮ್ಮ ಕೈಯಿಂದಲೇ ತೆಗೆದರು. ಜಗುಲಿಯಿಂದ ಕುಂಕುಮ ತಂದು, ಫೋನಿಗೆ ಹಚ್ಚುವಂತಿಲ್ಲದೆ, ಗಂಡನಿಲ್ಲದ ತಾವು ಹಚ್ಚಬಾರದೆಂದು, ನಿನ್ನ ಹಣೆಗೆ ನೀನೇ ಹಚ್ಚಿಕೋ ಎನ್ನುತ್ತ ಭರಣಿಯನ್ನು ಗಂಗಾನ ಕೈಗೇ ಕೊಟ್ಟರು.

ಮುಂದಕ್ಕೆ ಏನಾಸೆಯೆಂದು ಮಾಳಿಂಗರಾಯರನ್ನು ಕೇಳಿದರೆ ದೊಡ್ಡದೇನನ್ನೂ ಹೇಳುವುದಿಲ್ಲ. "ಅಂಗಡಿ ಮುಂದ ಒಂದು ಸಣ್ಣ ಕಟ್ಟಿ ಕಟ್ಟಿಸ್ಬೇಕಂತ ಐತ್ರಿ. ಮಾರಿದವ್ರು, ಕೊಂಡವ್ರು ಎದುರಾ ಎದುರು ಕುಂಡ್ರಾಕ" ಎನ್ನುತ್ತಾರೆ. "ಮೈಲಾರಪ್ಪಗೂ ಚಹಾ ಮಾರಿದಂಗ ಆಗ್ತೈತಿ, ಬಾಯಿ ಮುಚ್ಚತಾನ."

ಈಗ ಬಿಡುವಾದ ಐತವಾರ ಅವರ ಗಾಡಿ ಯಮನೂರಿನತ್ತ ತಿರುಗುತ್ತದೆ. ದರ್ಗಾಕ್ಕೆ ಕೈಮುಗಿದು ಗಂಗಾನ ಮನೆಗೆ ಹೋದರೆ, ಕೆಲವೊಮ್ಮೆ ಅಲ್ಲಿ ಫಕೀರವ್ವನೂ ಇರುತ್ತಾರೆ. ಮಧ್ಯಾಹ್ನ ಫೋನು ಬೆಳಗುತ್ತದೆ. ಮೋಡದ ಚಿತ್ರ ಸರಿದು ಸವಿತಾ ಕಾಣಿಸುತ್ತಾಳೆ. ಮೂಗು ಮುಟ್ಟಿ ಎದೆಗೆ ಕೈಯಿಟ್ಟು ತಾಯಿಯನ್ನು ಕರೆಯುತ್ತಾಳೆ, ಅಂದು ಉಂಡದ್ದನ್ನೆಲ್ಲ ಬೆರಳುಗಳಲ್ಲಿ ಹೇಳುತ್ತಾಳೆ. ಮಾತು ಮುಗಿಯುವ ಮೊದಲು ಅವಳದೊಂದು ಪ್ರಶ್ನೆ ಇದ್ದೇ ಇರುತ್ತದೆ. ಹೆಗಲ ಮೇಲೆ ಕಂಬಳಿ ಹೊದ್ದಂತೆ ಮಾಡಿ, ಕೈಯನ್ನು ಮೇಲೆತ್ತಿ ಗಾಳಿಯಲ್ಲಿ ಮೆಲ್ಲಗೆ ತೇಲಿಸುತ್ತಾಳೆ. ಮೋಡದ ಅಜ್ಜ ಭರಮಪ್ಪನಿಗೆ ಅವಳೇ ಇಟ್ಟ ಹೆಸರು ಅದು. ಅವರ ಸುದ್ದಿ ಹೇಳು ಎನ್ನುತ್ತಾಳೆ. ಫಕೀರವ್ವ ಪರದೆಯ ಹತ್ತಿರ ಸರಿದು, ಬಾರದ ಕೈಗಳಿಂದಲೇ ಹೇಳತೊಡಗುತ್ತಾರೆ.

ಬಾಗಿಲ ಬಳಿ ಕುಳಿತ ಮಾಳಿಂಗರಾಯ ದನಿ ತಗ್ಗಿಸುತ್ತಾರೆ.

"ನೋಡ್ರಿ, ಫೋನ್ ಇನ್ನೂ ಅವರನ್ನ ಕೇಳ್ತೈತಿ. ಅವತ್ತು ಕೀಲಿ ಒಡದಿದ್ರ, ಇದನ್ನ ನಾ ಎಲ್ಲಿ ನೋಡ್ತಿದ್ನಿ?"