ಅತ್ತೆಯ ರೊಟ್ಟಿ, ಮಾವನ ವಸಡು

ಮೂರು ತಿಂಗಳ ಹಿಂದೆ ಹಿಪ್ಪರಗಿಯ ನಮ್ಮ ಸೋದರಮಾವ, ಊಟಕ್ಕೆ ಬಂದಿದ್ದ ಬೀಗರ ಎದುರೇ ರೊಟ್ಟಿಯನ್ನು ತಾಟಿಗೆ ಕುಕ್ಕಿ, 'ಇದೇನ ರೊಟ್ಟಿಯೋ, ಹಂಚಿನ ಚೂರೋ' ಎಂದುಬಿಟ್ಟರು. ರೊಟ್ಟಿಯ ಅಂಚಿಗೆ ಅವರ ವಸಡಿನ ರಕ್ತ ಹತ್ತಿತ್ತು.

ಅತ್ತೆಯ ಖಡಕ್ ರೊಟ್ಟಿ ಎಂದರೆ ಸುಮ್ಮನೆಯೇ? ಬನಹಟ್ಟಿಯ ನೆಂಟರು ಕುಬಸದ (ಸೀಮಂತದ) ಬುತ್ತಿ ಕಟ್ಟಬೇಕೆಂದರೂ ಅವರಿಗೇ ಫೋನು. ಅವತ್ತು ತಲೆ ತಗ್ಗಿಸಿ ಒಳಗೆ ಹೋದವರು ಮರುದಿನದಿಂದ ರೊಟ್ಟಿ ಬಡಿಯುವುದನ್ನೇ ಬಿಟ್ಟರು. ಎರಡು ಹೊತ್ತೂ ಅನ್ನ. (ಮಾವನಿಗೆ ಹತ್ತು ವರ್ಷದಿಂದ ಶುಗರ್. ಹೇಗಾಗಿರಬೇಡ?)

ಮಾವ ಮಾತ್ರ ವಸಡಿಗೆ ಮಿಸ್ರಿ ತಿಕ್ಕುತ್ತಲೇ ಇದ್ದರು. ಹೌದು, ಅದೇ ಸುಟ್ಟ ತಂಬಾಕಿನ ಪುಡಿ. ರಕ್ತ ಬಂದಷ್ಟೂ ಇನ್ನೂ ಜೋರಾಗಿ. ವಸಡು ಗಟ್ಟಿಯಾಗುತ್ತದಂತೆ!

ಎರಡು ಹಲ್ಲು ಅಲುಗಾಡತೊಡಗಿದಾಗ ನಾನೇ ಜಮಖಂಡಿಯ ಡೆಂಟಿಸ್ಟ್ ಬಳಿ ಎಳೆದೊಯ್ದೆ. ಡಾಕ್ಟರಮ್ಮ ಮೊದಲು ಕೇಳಿದ್ದೇ ಶುಗರ್ ಇದೆಯೇ ಎಂದು. ಮಾವ ಇಲ್ಲವೆಂದು ತಲೆಯಾಡಿಸಿದರು. ನಾನು ತಿವಿದೆ.

'ಶುಗರಿಗೆ ಬ್ಯಾರೆ ಡಾಕ್ಟರ್ ಅದಾರಲೇ. ಇವರಿಗ್ಯಾಕ ಅದರ ಉಸಾಬರಿ?' ಎಂದು ಮಾವ ನನ್ನ ಮೇಲೇ ಗೊಣಗಿದರು.

ನಿಜ ಸಂಗತಿ ನಾನೇ ಹೇಳಿದೆ. ಆಕೆ ನಕ್ಕು ವಿವರಿಸಿದರು. ಶುಗರ್ ಹೆಚ್ಚಿದ್ದರೆ ವಸಡಿಗೆ ಸೋಂಕು ಬೇಗ ಹತ್ತುತ್ತದೆ, ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದೂ ಕಷ್ಟ. ಮಿಸ್ರಿ ಬಿಡಿ, ಮೆತ್ತನೆ ಬ್ರಷ್ ಹಿಡಿಯಿರಿ, ಕ್ಲೀನಿಂಗಿಗೆ ತಪ್ಪದೆ ಬನ್ನಿ, ಹಲ್ಲು ಉಳಿಸೋಣ ಎಂದರು.

ಮಾವ ನಿರಾಳ. ಬೆವರಿದವನು ನಾನು! ನನಗೂ ಶುಗರ್ ಇದೆ. ವರ್ಷದಿಂದ ಬೇಸಿನ್ನಿನಲ್ಲಿ ಕೆಂಪು ಕಂಡರೂ ನಲ್ಲಿ ತಿರುಗಿಸಿ ಸುಮ್ಮನಾಗುತ್ತಿದ್ದೆ. ಕಾಲಿಗೆ ಸಣ್ಣ ಗಾಯವಾದರೂ ಡಾಕ್ಟರ ಬಳಿ ಓಡುವ ನಾವು ಬಾಯಿಯ ರಕ್ತವನ್ನು ಉಗುಳಿ ಮರೆಯುತ್ತೇವಲ್ಲ, ಯಾಕೆ? ನಾಚಿಕೆಯಾಯಿತು. ಅವತ್ತೇ ನಾನೂ ಬಾಯಿ ತೋರಿಸಿ ಬಂದೆ.

ವಸಡು ಸುಧಾರಿಸಿದ ಮೇಲೆ ಮಾವ ಮೆಲ್ಲಗೆ ರೊಟ್ಟಿ ಕೇಳಿದರಂತೆ. ಅತ್ತೆ ಹಿಟ್ಟು ಮುಟ್ಟಲಿಲ್ಲ.

'ಬೀಗರ ಮುಂದ ಅಂದೀರಿ. ರೊಟ್ಟೀದೇನೂ ತಪ್ಪಿಲ್ಲಂತ ಬೀಗರ ಮುಂದನ ಹೇಳ್ರಿ.'

ಮೊನ್ನೆ ಭಾನುವಾರ ಬೀಗರನ್ನು ಮತ್ತೆ ಕರೆಸಿದರು. ನಾನೂ ಹೋಗಿದ್ದೆ. ಮಾವ ಎಲ್ಲರೆದುರು ಬಾಯಿ ತೆರೆದು ವಸಡು ತೋರಿಸಿ, ತಪ್ಪು ಇದರದ್ದು, ರೊಟ್ಟಿಯದಲ್ಲ ಎಂದು ಒಪ್ಪಿಕೊಂಡರು. ಅತ್ತೆ ಸೆರಗು ಸರಿಮಾಡಿಕೊಂಡು ಬಡಿಸಲು ಬಂದರು. ನನಗೆ ಕಣ್ಣು ತುಂಬಿತು. (ಚಟ್ನಿ ಖಾರವೂ ಇತ್ತು.)

ಬೀಗರು ಮಾತ್ರ ಪಕ್ಕದಲ್ಲೇ ಕೂತಿದ್ದ ತಮ್ಮ ಹೆಂಡತಿಯ ಮುಖ ನೋಡದೆ, ನನ್ನ ಕಿವಿಯಲ್ಲಿ ಆ ದವಾಖಾನೆ ಎಲ್ಲಿದೆ ಎಂದು ಕೇಳಿದರು.

ಮುಧೋಳ, ಬೀಳಗಿ ಕಡೆ ಇನ್ನೆಷ್ಟು ರೊಟ್ಟಿಗಳು ಹೀಗೆ ತಪ್ಪಿಲ್ಲದೆ ಬೈಸಿಕೊಳ್ಳುತ್ತಿವೆಯೋ?